ಹೋದ ವರ್ಷದ ಕೆಂಪು

ಡಿಜಿಟಲ್ ಕ್ಯಾಮೆರಾ ಇನ್ನೂ ಹೊಸತಾಗಿದ್ದ ಕಾಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಅಂಗಡಿಯ ಗೋಡೆಗೆ ಹಾಕಲು ದೊಡ್ಡ ಫೋಟೋ ಬೇಕಿತ್ತು. ಅವರನ್ನು ಕಾಯಿಯ ರಾಶಿ ಪಕ್ಕದಲ್ಲೇ ನಿಲ್ಲಿಸಿ ತೆಗೆದೆ. ರಾಣೆಬೆನ್ನೂರಿನ ಲ್ಯಾಬಿನಲ್ಲಿ ಪ್ರಿಂಟು ಹಾಕಿಸಿ ಮರುದಿನ ಒಯ್ದು ಕೊಟ್ಟೆ.

ನೋಡಿದವರೇ, "ಇದು ಹ್ವಾದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲು. ನಂದಲ್ಲ" ಅಂದರು.

"ನಿನ್ನೆ ನಿಮ್ಮ ರಾಶೀನ ತಗದೇನ್ರಿ" ಎಂದರೂ ಕೇಳಲಿಲ್ಲ. ಅಲ್ಲೇ ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಅಜ್ಜಿಗೆ ಫೋಟೋ ಕೊಟ್ಟು, "ನೀನ ನೋಡಿ ಹೇಳವಾ" ಅಂದರು.

ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. "ಮಾಲು ಹಳೇದು ಅನ್ರಿ ಸಾವಕಾರ್ರ. ನಿಮ್ಮ ಹಣಿ ಮ್ಯಾಲಿನ ಕುಂಕುಮಾನೂ ಮಾಸೇತಲ್ರಿ. ಅದೂ ಹ್ವಾದ ವರ್ಷದ್ದೇನು?"

ಆಗ ನನಗೆ ಹೊಳೆಯಿತು. ಹೆಚ್ಚು ಬಣ್ಣ ಹಿಡಿಯುತ್ತದೆ ಎಂದು ಎಲ್ಲೋ ಓದಿ ಕ್ಯಾಮೆರಾವನ್ನು ಅಡೋಬ್ ಆರ್‌ಜಿಬಿ ಎಂಬ ಬಣ್ಣದ ಸೆಟ್ಟಿಂಗಿಗೆ ಇಟ್ಟಿದ್ದೆ. ಲ್ಯಾಬಿನ ಮಷೀನಿಗೆ ತಿಳಿಯುತ್ತಿದ್ದದ್ದು ಸಾಮಾನ್ಯ ಎಸ್‌ಆರ್‌ಜಿಬಿ ಒಂದೇ. ಹಾಗಾಗಿ ನಾನು ಆಸೆಪಟ್ಟು ಹಿಡಿದ ಕೆಂಪೆಲ್ಲ ಪ್ರಿಂಟಿನಲ್ಲಿ ಮಂಕಾಗಿತ್ತು. ಫೈಲನ್ನು ಎಸ್‌ಆರ್‌ಜಿಬಿಗೆ ಬದಲಿಸಿ ಮತ್ತೆ ಪ್ರಿಂಟು ಹಾಕಿಸಿದೆ. ಕಾಯಿ, ಕುಂಕುಮ ಎರಡಕ್ಕೂ ಜೀವ ಬಂತು.

ವ್ಯಾಪಾರಿ ಒಂದು ಕಾಯಿಯನ್ನು ಫೋಟೋದ ಮೇಲಿಟ್ಟು, ಬಣ್ಣ ಹೋಲಿಸಿ ನೋಡಿ ನಕ್ಕರು. ಆ ಹುರುಪಿನಲ್ಲಿ ನಾನು, "ಬೇಕಂದ್ರ ಇನ್ನೂ ಕೆಂಪು ಮಾಡಿ ಕೊಡ್ತೇನ್ರಿ" ಅಂದೆ.

"ಬ್ಯಾಡ ತಗೀರಿ. ಆಮ್ಯಾಲೆ ಮಂದಿ, ಇವ ಮಾಲಿಗೆ ಬಣ್ಣ ಹಾಕ್ಯಾನ ಅಂತಾರ."