ಜೂನ್ ಒಂದರ ಮಗಳು

ಹನುಮಂತನಗರದ ಆ ಕನ್ನಡ ಶಾಲೆಯ ದಾಖಲಾತಿ ಪುಸ್ತಕ ತೆರೆದು ನೋಡಿದವರು, ಆ ಕಡೆಯ ತಾಯಂದಿರೆಲ್ಲ ಮಾತಾಡಿಕೊಂಡು ಜೂನ್ ಒಂದನೇ ತಾರೀಖೇ ಹೆರುತ್ತಿದ್ದರೇನೋ ಎಂದುಕೊಳ್ಳಬೇಕು. ಅದು ಗುಮಾಸ್ತ ಚನ್ನಬಸವಯ್ಯನವರ ಕೈಗುಣ. ಒಂದನೇ ತರಗತಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು ಎಂಬುದು ಸರ್ಕಾರದ ನಿಯಮ. ಎರಡು ಮೂರು ತಿಂಗಳು ಕಡಿಮೆಯಿದ್ದ ಕೂಸನ್ನು ಕೈಹಿಡಿದು ತಂದ ತಾಯಿ, "ಒಂದ್ ವರ್ಷ ಹಾಳಾಗೋಗುತ್ತೆ ಸಾರ್" ಎಂದು ಕಣ್ಣು ತುಂಬಿಕೊಂಡರೆ ಅಯ್ಯನವರ ಕರುಳು ಕರಗುತ್ತಿತ್ತು. ಒಂದು ಲೋಟ ಕಾಫಿಯನ್ನೂ ಮುಟ್ಟದೆ 'ಜೂನ್ ಒಂದು' ಎಂದು ಬರೆದುಬಿಡುವರು. ಎಷ್ಟೋ ಶಾಲೆಗಳಲ್ಲಿ ನಡೆಯುತ್ತಿದ್ದದ್ದೇ, ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ.

1985ರಲ್ಲಿ ಅದೇ ಪುಸ್ತಕದಲ್ಲಿ ಅವರು ತಮ್ಮ ಒಬ್ಬಳೇ ಮಗಳು ಶ್ರೀದೇವಿಯ ಹೆಸರನ್ನೂ ಬರೆದರು. ಮಗು ಹುಟ್ಟಿದ್ದು ತುರುವೇಕೆರೆ ಕಡೆ ಅಜ್ಜಿಯ ಮನೆಯಲ್ಲಿ, 1979ರ ಕಾರ್ತೀಕದ ಕಡೇ ಸೋಮವಾರ, ಅಂದರೆ ನವೆಂಬರ್ ಹತ್ತೊಂಬತ್ತು. ಪುಸ್ತಕದಲ್ಲಿ ಹುಟ್ಟಿದ್ದು ಅದೇ ವರ್ಷದ ಜೂನ್ ಒಂದು. ಬರೆದರು, ಮರೆತರು.

ಎರಡು ವರ್ಷದ ಮೇಲೆ ಅವರ ಹೆಂಡತಿ ಜಯಶೀಲಾಳ ಅಕ್ಕ ಬಸವಲಿಂಗಮ್ಮ ಅಮೆರಿಕದ ಪ್ರಜೆಯಾದಳು. ಆದವಳೇ ತಂಗಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ತಂಗಿಯ ಜೊತೆ ಗಂಡ ಹೋಗಬಹುದು. ಮದುವೆಯಾಗದ, ಇಪ್ಪತ್ತೊಂದು ತುಂಬದ ಮಕ್ಕಳೂ ಹೋಗಬಹುದು. ಆದರೆ ಸರದಿ ಬರಬೇಕು. "ಐದಾರು ವರ್ಷ ಅಷ್ಟೇ ಕಣೇ" ಎಂದಿದ್ದಳು ಬಸವಲಿಂಗಮ್ಮ. ಅಷ್ಟೇ ಎನ್ನುವವರಿಗೇನು, ಕಾಯುವವರು ಬೇರೆ.

ಕಾದರು ನೋಡಿ, ಹದಿಮೂರು ವರ್ಷ! ಬನಶಂಕರಿ ಮೂರನೇ ಹಂತದಲ್ಲಿ ಸೈಟು ಸಿಗುವ ಹಾಗಿತ್ತು, "ಹೋಗೋರಿಗೆ ಸೈಟ್ ಯಾಕ್ರೀ?" ಎಂದಳು ಜಯಶೀಲಾ. ಬಾಡಿಗೆ ಮನೆಯ ಸೋರುವ ಅಡುಗೆಮನೆಗೆ ಹೆಂಚು ಹೊದಿಸಲಿಲ್ಲ. ಪಿಯುಸಿ ಮುಗಿಸಿದ ಶ್ರೀದೇವಿ ಟೀಚರ್ ಟ್ರೈನಿಂಗ್‌ಗೆ ಸೇರುತ್ತೇನೆಂದು ಫಾರಂ ತಂದಳು. ನಡುವೆ ವೀಸಾ ಬಂದರೆ ಎರಡು ವರ್ಷದ ಕೋರ್ಸು ನೀರಿಗೆ ಬೀಳುತ್ತದೆಂದು ಆ ಫಾರಂ ಬೀರುವಿನಲ್ಲೇ ಉಳಿಯಿತು. ಹುಡುಗಿ ಮನೆಯಲ್ಲೇ ಕೂತು ಅಂಚೆಯ ಮೂಲಕ ಬಿಕಾಂ ಓದಿದಳು. ಜಯನಗರದಲ್ಲಿ ಕೆಲಸ ಸಿಕ್ಕಿತು, ಬಿಡಿಸಿದರು. ಅರೆಕೆರೆಯಿಂದ ಒಳ್ಳೆಯ ಸಂಬಂಧ ಬಂತು, ಮದುವೆಯಾದರೆ ಅರ್ಜಿಯಿಂದ ಅವಳ ಹೆಸರೇ ಹೊಡೆದುಹಾಕುತ್ತಾರೆ ಎಂದು ಬಾಗಿಲಲ್ಲೇ ಕೈಮುಗಿದು ಕಳಿಸಿದರು. ಅವಳು ಒಂದಕ್ಕೂ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು.

2000ದ ಜನವರಿಯಲ್ಲಿ ಮದ್ರಾಸಿನ ಅಮೆರಿಕದ ವೀಸಾ ಕಚೇರಿಯಿಂದ ದಪ್ಪ ಲಕೋಟೆ ಬಂತು. ಜಯಶೀಲಾ ಗವಿಗಂಗಾಧರನಿಗೆ ರುದ್ರಾಭಿಷೇಕ ಮಾಡಿಸಿದಳು. ಮಗಳಿಗೆ ನವೆಂಬರಿಗೆ ಇಪ್ಪತ್ತೊಂದು, ಜುಲೈ ಹೊತ್ತಿಗೆ ಇಂಟರ್‌ವ್ಯೂ, ಬೇಕಾದಷ್ಟು ಸಮಯವಿದೆ ಎಂದು ಬೆರಳು ಮಡಿಸಿ ಎಣಿಸಿದಳು. ಮಗಳ ಪಾಸ್‌ಪೋರ್ಟಿಗಾಗಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆಯಲು ಚನ್ನಬಸವಯ್ಯನವರು ಟ್ರಂಕು ತೆರೆದರು. ಕಾರ್ಡಿನಲ್ಲಿ 'ಜೂನ್ 1, 1979' ಎಂದಿತ್ತು. ಅವರು ಟ್ರಂಕಿನ ಮುಂದೆಯೇ ಕುಕ್ಕರಿಸಿದರು.

"ಏನ್ರೀ, ಸಿಗ್ಲಿಲ್ವಾ?" ಎಂದಳು ಹೆಂಡತಿ ಒಳಗಿನಿಂದ.

"ಸಿಕ್ತು ಕಣೆ" ಎಂದರು. ಕಾಗದದ ಲೆಕ್ಕದಲ್ಲಿ ಮಗಳಿಗೆ ಇಂಟರ್‌ವ್ಯೂಗೆ ಮೊದಲೇ ಇಪ್ಪತ್ತೊಂದು ತುಂಬುತ್ತಿತ್ತು.

ಮೂರು ದಿನ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕನೇ ದಿನ ಹೇಳಿದರು. ಜಯಶೀಲಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಜಯನಗರದ ವಕೀಲ ಶಿವರಾಜ್ ಕಾಗದವನ್ನೆಲ್ಲ ನೋಡಿ, "ಕೋರ್ಟಿನಿಂದ ತಿದ್ದಿಸಬೇಕು ಸಾರ್. ದಾಖಲೆ ಬರೆದ ಗುಮಾಸ್ತ ಬದುಕಿದ್ದಾನಾ? ತಪ್ಪಾಯ್ತು ಅಂತ ಸಾಕ್ಷಿ ಹೇಳ್ಬೇಕಾಗುತ್ತೆ" ಎಂದರು.

"ನಾನೇ ಗುಮಾಸ್ತ" ಎಂದರು ಚನ್ನಬಸವಯ್ಯನವರು.

ಶಿವರಾಜ್ ಪೆನ್ನು ಕೆಳಗಿಟ್ಟರು. "ಅಂದ್ರೆ ಬೇಕೂಂತಲೇ ಬರೆದೆ ಅಂತ ಹೇಳ್ತೀರಾ? ಕೆಲಸದಲ್ಲಿದೀರಿ. ಪೆನ್ಶನ್‌ಗೆ ಎಷ್ಟು ವರ್ಷ?"

"ಮೂರು."

"ಯೋಚ್ನೆ ಮಾಡಿ."

ಅವರು ಯೋಚನೆ ಮಾಡಲಿಲ್ಲ. ಮಾಡಿದರೆ ಧೈರ್ಯ ಉಳಿಯದೆಂದು ಅಲ್ಲೇ ವಕಾಲತ್ತಿಗೆ ಸಹಿ ಹಾಕಿದರು.

ಸತ್ಯ ಹೇಳಿದರೆ ಸಾಕು ಎಂದುಕೊಂಡಿದ್ದರು ಪಾಪ. ಸತ್ಯಕ್ಕೂ ಸರದಿಯಿದೆ ಎಂದು ಅವರಿಗೆ ಆಗ ಗೊತ್ತಾಯಿತು. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಕಾದರು. ಮೇ ತಿಂಗಳು ಕೋರ್ಟಿಗೆ ಬೇಸಿಗೆ ರಜೆ. ಜೂನಿನಲ್ಲಿ ಪರೀಕ್ಷಾ ಮಂಡಳಿಯ ವಕೀಲರು ಬರಲಿಲ್ಲ. ಜುಲೈಯಲ್ಲಿ ಜಡ್ಜಿಗೆ ವರ್ಗವಾಯಿತು. ಇಂಟರ್‌ವ್ಯೂ ಮುಂದಕ್ಕೆ ಹಾಕಿ ಎಂದು ಮದ್ರಾಸಿಗೆ ಬರೆದರೆ, ತಿದ್ದಿದ ದಾಖಲೆ ತನ್ನಿ, ಆದರೆ ಮಗಳಿಗೆ ಇಪ್ಪತ್ತೊಂದು ತುಂಬುವ ಮೊದಲು ತನ್ನಿ ಎಂದು ಉತ್ತರ ಬಂತು. ಶ್ರೀದೇವಿ ಪ್ರತಿ ವಾಯಿದೆಗೂ ಅಪ್ಪನ ಜೊತೆ ಹೋಗಿ ಕೋರ್ಟಿನ ಕಲ್ಲುಬೆಂಚಿನ ಮೇಲೆ ಕೂರುವಳು, ಮುಂದಿನ ತಾರೀಖು ಬರೆದುಕೊಂಡು ಬರುವಳು.

ಸೆಪ್ಟೆಂಬರಿನಲ್ಲಿ ತುರುವೇಕೆರೆ ಕಡೆಯಿಂದ ಸೂಲಗಿತ್ತಿ ಸಿದ್ದಗಂಗಮ್ಮನನ್ನು ಕರೆತಂದರು. ಎಂಬತ್ತರ ಮುದುಕಿ ಕಟಕಟೆ ಹಿಡಿದು ನಿಂತು, "ಕಾರ್ತೀಕದ ಕಡೇ ಸ್ವಾಮ್ವಾರ ಕಣ್ರಪ್ಪ, ದೀಪ ಹಚ್ಚೋ ಹೊತ್ತು. ಈ ಕೈಯಲ್ಲೇ ಎತ್ಕೊಂಡಿದ್ದು" ಎಂದಳು. ಆಮೇಲೆ ಅಯ್ಯನವರು ನಿಂತರು. ಸರ್ಕಾರದ ವಕೀಲ, "ಎಷ್ಟು ಮಕ್ಕಳಿಗೆ ಹೀಗೆ ಬರೆದಿದೀರಿ?" ಎಂದು ಕೇಳಿದ. ಮಗಳು ಎದುರಿಗೇ ಕೂತಿದ್ದಳು. "ಲೆಕ್ಕ ಇಟ್ಟಿಲ್ಲ ಸ್ವಾಮಿ" ಎಂದರು. ನಾಚಿಕೆಯಿಂದ ಕುಗ್ಗಿಹೋದರು. ಮರುವಾರ ಅವರಿಂದ ವಿವರಣೆ ಕೇಳಿ ಶಾಲೆಗೆ ಇಲಾಖೆಯ ಮೆಮೊ ಬಂತು.

ಆದೇಶ ಬಂದದ್ದು ನವೆಂಬರ್ ಇಪ್ಪತ್ತೇಳಕ್ಕೆ. ಕೋರ್ಟು ಅಯ್ಯನವರ ಮಾತನ್ನು ಪೂರಾ ನಂಬಿತ್ತು. ಶ್ರೀದೇವಿ ಹುಟ್ಟಿದ್ದು ನವೆಂಬರ್ ಹತ್ತೊಂಬತ್ತಕ್ಕೇ ಎಂದು ಮೊಹರು ಒತ್ತಿ ಹೇಳಿತ್ತು. ಅವಳಿಗೆ ಇಪ್ಪತ್ತೊಂದು ತುಂಬಿ ಎಂಟು ದಿನವಾಗಿತ್ತು.

ಆ ಭಾನುವಾರ ಬಸವಲಿಂಗಮ್ಮನ ಫೋನು ಬಂತು. ದನಿ ಮನೆಯವರಿಗೆಲ್ಲ ಕೇಳುತ್ತಿತ್ತು. "ಜಯಾ, ನೀವಿಬ್ರು ಬಂದ್ಬಿಡಿ. ಬಂದ್ಮೇಲೆ ನೀನೇ ಅವಳಿಗೆ ಅರ್ಜಿ ಹಾಕ್ಬೋದು. ಇನ್ನೊಂದು ಎಂಟೊಂಬತ್ತು ವರ್ಷ ಆಗ್ಬೋದು. ಅಲ್ಲೀವರ್ಗೂ ಮದ್ವೆ ಮಾತ್ರ ಮಾಡ್ಬೇಡಿ."

ಜಯಶೀಲಾ ಗಂಡನ ಮುಖ ನೋಡಿದಳು. ಹೋದರೆ ಮಗಳನ್ನು ಒಂಟಿಯಾಗಿ ಬಿಟ್ಟು ಹೋಗಬೇಕು. ಹೋಗದಿದ್ದರೆ ಮಗಳಿಗಿದ್ದ ಆ ಒಂದು ದಾರಿಯೂ ಮುಚ್ಚಿಹೋಗುತ್ತದೆ. ಚನ್ನಬಸವಯ್ಯನವರಿಗೆ ಮಗಳು ಈಗಲಾದರೂ ಜಗಳವಾಡಲಿ ಎನ್ನಿಸಿತು. ಬೇಡ ಎನ್ನಲಿ, ನನ್ನ ವಯಸ್ಸನ್ನೆಲ್ಲ ತಿಂದಿರಿ ಎಂದು ಕೂಗಲಿ, ಆ ಅರೆಕೆರೆಯ ಹುಡುಗ ಇನ್ನೂ ಇದ್ದಾನಾ ಎಂದು ಕೇಳಲಿ. ಏನು ಕೇಳಿದರೂ ಆಗಲಿ ಎನ್ನಲು ಅವರು ಸಿದ್ಧರಾಗಿದ್ದರು.

ಶ್ರೀದೇವಿ ಅಮ್ಮನ ಕೈಯಿಂದ ಫೋನು ತೆಗೆದುಕೊಂಡಳು.

"ಅರ್ಜಿ ಹಾಕ್ಸಿ ದೊಡ್ಡಮ್ಮ" ಎಂದಳು, ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಯೋದು ಬಿಟ್ರೆ ನಂಗೆ ಇನ್ನೇನೂ ಬರಲ್ಲ."