ರಬ್ಬರ್ ಕೊಡದ ಡ್ರಾಯಿಂಗ್ ಟೀಚರ್

ಠಾಣೆಯ ನೌಪಾಡಾದ ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಡ್ರಾಯಿಂಗ್ ಟೀಚರ್ ಮಕ್ಕಳಿಗೆ ರಬ್ಬರ್ ಕೊಡುತ್ತಲೇ ಇರಲಿಲ್ಲ. ಯಾರು ಕೈಚಾಚಿದರೂ ಕನ್ನಡಕ ಹಣೆಗೇರಿಸಿ, “ರಬ್ಬರ್ ಬೇಡ ಮಗಾ, ಇನ್ನೊಮ್ಮೆ ನೋಡು” ಎನ್ನುತ್ತಿದ್ದರು.

ಒಮ್ಮೆ ನಾನೂ ಟೀಚರೂ ಸೇರಿ ಮಕ್ಕಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದೆವು. ಅಲ್ಲಿ ಠಾಣೆ ಖಾಡಿಯ, ಅಂದರೆ ಊರೊಳಗೆ ಚಾಚಿದ ಸಮುದ್ರದ ಕವಲಿನ, ಹಳೆಯ ಚಿತ್ರವೊಂದಿತ್ತು: ದಂಡೆಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಕೊಕ್ಕರೆಗಳು, ನೀರಿಗೆ ತೆಂಗಿನಕಾಯಿ ಅರ್ಪಿಸುವ ಮೀನುಗಾರರು. ಅದನ್ನು ನೋಡಿ ಬಿಡಿಸಿದ ಮುಂಬ್ರಾದ ಹುಡುಗಿಯೊಬ್ಬಳು ನೀರಿನ ತುಂಬ ಪ್ಲಾಸ್ಟಿಕ್ ಚೀಲಗಳನ್ನೂ ತೇಲಿಬಿಟ್ಟಿದ್ದಳು.

“ಆ ಚಿತ್ರದಲ್ಲಿ ಚೀಲ ಎಲ್ಲುಂಟು ಪುಟ್ಟಿ?” ಎಂದೆ.

“ಖಾಡಿ ಮೇ ತೋ ಹೋತಾ ಹೀ ಹೈ ನಾ, ಆಂಟಿ!” ಎಂದಳು, ಖಾಡಿಯಲ್ಲಿ ಚೀಲ ಇದ್ದೇ ಇರುತ್ತದೆ, ಚಿತ್ರಕಾರನೇ ಮರೆತಿದ್ದಾನೆಂಬಂತೆ. ಆದರೂ ರಬ್ಬರಿಗೆ ಕೈಚಾಚಿದಳು. ಟೀಚರ್ ಕೊಡಲಿಲ್ಲ.

ಮುಂದಿನ ಭಾನುವಾರ ಕ್ಲಾಸು ನಡೆದದ್ದು ಕಳ್ವಾದ ಖಾಡಿ ದಂಡೆಯಲ್ಲಿ. ಟೀಚರ್ ಅವಳಿಗೆ ಗ್ಲೌಸು, ಗೋಣಿಚೀಲ ಕೊಟ್ಟು ನೀರಿನತ್ತ ಕೈ ತೋರಿಸಿದರು.

“ಇಲ್ಲಿ ಅಳಿಸು ಮಗಾ.”