ವಠಾರಕ್ಕೆ ಬಂದ ವಿಯೆನ್ನಾ

ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯೊಂದರಲ್ಲಿ ನನಗೆ ಕೆಲಸ. ಗಿರಾಕಿಗಳಿಗೆ ಮಾದರಿ ತೋರಿಸುವುದು, ಒಕ್ಕಣೆ ಬರೆದುಕೊಡುವುದು, ಬದುಕಿರುವ ಅಜ್ಜನ ಹೆಸರಿಗೆ 'ದಿವಂಗತ' ಅಂಟಿಕೊಳ್ಳದಂತೆ ನೋಡಿಕೊಳ್ಳುವುದು. ಕೆಲವು ವರ್ಷಗಳ ಹಿಂದೆ ಒಂದು ಜೋಡಿ ಬಂದಿತು. ಕಾರ್ಡು ಆರಿಸಿ, ಬಣ್ಣ ಒಪ್ಪಿ, ಇನ್ನೇನು ಏಳಬೇಕು ಅನ್ನುವಾಗ ಹುಡುಗ ಕೇಳಿದ: "ಸಾರ್, ವಧೂಗೃಹಪ್ರವೇಶ ಅಂತ ಒಂದು ಸಾಲು ಬರುತ್ತಲ್ಲ, ಅದರ ಮುಂದೆ ಖಾಲಿ ಬಿಡ್ತೀರಾ?"

"ಖಾಲಿ ಅಂದ್ರೆ?"

"ಚುಕ್ಕಿ ಚುಕ್ಕಿ ಹಾಕ್ಬಿಡಿ. ಮನೆ ಸಿಕ್ಕಿದ್ಮೇಲೆ ಪೆನ್ನಲ್ಲಿ ಬರ್ಕೋತೀವಿ."

ಹುಡುಗಿ ಗಂಭೀರವಾಗಿ ಸೇರಿಸಿದಳು: "ಚುಕ್ಕಿ ಸ್ವಲ್ಪ ಉದ್ದಕ್ಕೇ ಇರ್ಲಿ ಸಾರ್. ಸಿಕ್ಕೋದು ಎಲ್ಲೋ ದೂರ್ದಲ್ಲೇ. ಅಡ್ರೆಸ್ಸೂ ಉದ್ದ ಇರುತ್ತೆ."

ಹಾಗೇ ಅಚ್ಚಾಯಿತು. ಮದುವೆಯೂ ಆಯಿತು, ಮನೆ ಸಿಗಲಿಲ್ಲ. ಅವನು ಗವಿಪುರದ ಗಂಡಸರ ಪಿ.ಜಿ.ಗೆ ವಾಪಸ್ಸು ಹೋದ, ಅವಳು ಬಸವನಗುಡಿಯ ಲೇಡೀಸ್ ಪಿ.ಜಿ.ಗೆ. ಸಂಜೆ ಪಾರ್ಕಿನ ಬೆಂಚಿನ ಮೇಲೆ ಸಂಸಾರ. ಒಂದು ದಿನ ಪಾರ್ಕಿನ ಕಾವಲುಗಾರ ಇಬ್ಬರನ್ನೂ ಎಬ್ಬಿಸಿದನಂತೆ. ತಾವು ಗಂಡ ಹೆಂಡತಿ ಎಂಬುದರ ರುಜುವಾತಿಗೆ ಕಾರ್ಡು ತೋರಿಸಿದರೆ, ಅವನು ಚುಕ್ಕಿಗಳ ಮೇಲೆ ಬೆರಳಿಟ್ಟು, "ಮದ್ವೆ ಅರ್ಧಕ್ಕೇ ನಿಂತಿದ್ಯಲ್ಲ" ಅಂದನಂತೆ. ಇದನ್ನು ಅವರೇ ಅಂಗಡಿಗೆ ಬಂದು ಹೇಳಿದರು, ನಗುತ್ತಾ. ನನಗೆ ನಗು ಬರಲಿಲ್ಲ.

ಸಂಜೆ ನಮ್ಮ ಮನೆಯ ಓನರ್ ಹತ್ತಿರ ಹೇಳಿಕೊಂಡೆ. ನಾವಿರುವುದು ಎನ್.ಆರ್. ಕಾಲೋನಿಯ ಹಳೆಯ ವಠಾರದಲ್ಲಿ. ಮುಂದೆ ಓನರ್ ಅವರ ದೊಡ್ಡ ಮನೆ, ಹಿಂದೆ ರೈಲು ಡಬ್ಬಿಗಳ ಹಾಗೆ ನಮ್ಮ ಪುಟ್ಟ ಮನೆಗಳ ಸಾಲು. ಓನರ್ ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರಿಗೆ ಅಷ್ಟೊಂದು ಕೋಣೆ.

ಮಾರನೆಯ ಬೆಳಿಗ್ಗೆ ಅವರು ನಮ್ಮ ಬಾಗಿಲಿಗೇ ಬಂದರು. "ಇದು ಎಂಜಿನಿಯರಿಂಗ್ ಪ್ರಾಬ್ಲಂ ಕಣ್ರೀ. ಬೇರೆ ದೇಶದ ಊರುಗಳಲ್ಲಿ ಹ್ಯಾಗೆ ಬಿಡಿಸಿದ್ದಾರೋ ನೋಡ್ಕೊಂಡು ಬರ್ತೀನಿ."

ಪಕ್ಕದ ಮನೆಯ ಬ್ರೋಕರು ಹಲ್ಲುಜ್ಜುತ್ತಾ ನಿಂತಿದ್ದ. ಮಾಗಡಿ ಕಡೆಯ ಹಳ್ಳಿಯವನು. ಊರವರಿಗೆಲ್ಲ ಸೈಟು ಮಾರಿಸುವ ಮನುಷ್ಯ. ಪಾಲಿಕೆಗೆ ಚುನಾವಣೆ ಘೋಷಣೆಯಾದ ದಿನವೇ ನಿಲ್ಲುವುದೆಂದು ಬಿಳಿ ಷರ್ಟು ಇಸ್ತ್ರಿ ಮಾಡಿಸಿಟ್ಟುಕೊಂಡು ವರ್ಷಗಳಿಂದ ಕಾಯುತ್ತಿದ್ದ. "ಅಷ್ಟು ದೂರ ಯಾಕೆ ಸಾ? ಇದನ್ನ ಕೆಡವ್ಬುಟ್ಟು ನಾಲ್ಕು ಫ್ಲೋರ್ ಎತ್ತಿ. ಬಿಲ್ಡರ್‌ನ ನಾನ್ ಕರ್ಕಬತ್ತೀನಿ."

"ಕೆಡವಿದ್ರೆ ನೀವೆಲ್ಲಿರ್ತೀರಿ?"

ತಾನೂ ಬಾಡಿಗೆಯವನೇ ಎಂಬುದು ಬ್ರೋಕರಿಗೆ ಆಗಲೇ ಹೊಳೆದದ್ದು. ಬಾಯಿ ಮುಕ್ಕಳಿಸಿ ಒಳಗೆ ಹೋದ.

ಓನರ್ ನಿಜಕ್ಕೂ ಹೊರಟುಬಿಟ್ಟರು, ಪತ್ನೀಸಮೇತ, ಯುರೋಪಿನ ಟೂರಿನಲ್ಲಿ. ತಿರುಗಿ ಬಂದ ಭಾನುವಾರ ವಠಾರದವರನ್ನೆಲ್ಲ ತಮ್ಮ ದೊಡ್ಡ ಹಾಲಿಗೆ ಕರೆದು ಗೋಡೆಗೆ ಬಿಳಿ ಪಂಚೆ ಕಟ್ಟಿ ಫೋಟೊ ತೋರಿಸಿದರು. ಒಂದೂ ಅರಮನೆಯಿಲ್ಲ, ಒಂದೂ ಕಾರಂಜಿಯಿಲ್ಲ. ವಿಯೆನ್ನಾದ ಬಾಡಿಗೆ ಮನೆಗಳ ಮೆಟ್ಟಿಲು, ಅಂಗಳ, ಟಪಾಲು ಡಬ್ಬಿ, ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ.

"ಬಸ್ಸಲ್ಲಿ ಬಂದೋರೆಲ್ಲ ಅರಮನೆ ನೋಡಕ್ಕೆ ಹೋದ್ರು" ಎಂದರು ಅವರ ಹೆಂಡತಿ. "ನಾನು ಯಾರದೋ ವಾಷಿಂಗ್ ಮಿಷನ್ ಮುಂದೆ ನಿಂತ್ಕೊಂಡು ಫೋಟೊ ತೆಗೆಸ್ಕೊಂಡೆ."

ಓನರ್ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಯೆನ್ನಾದಲ್ಲಿ ಬಾಡಿಗೆದಾರರದೇ ಮಂಡಳಿ ಇರುತ್ತದೆ, ನಮ್ಮಲ್ಲೂ ಇರಬೇಕು, ಎಲ್ಲರಿಗೂ ಒಂದೊಂದು ಓಟು, ತನ್ನದೂ ಒಂದೇ, ತನ್ನ ಹೆಂಡತಿಯದೂ ಒಂದು ಎಂದು ಸಾರಿದರು. ಹಿತ್ತಲಿನ ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿದು ದೊಡ್ಡ ವಾಷಿಂಗ್ ಮಿಷನ್ ತಂದಿಟ್ಟರು. ನನ್ನ ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಅಡಿಯಲ್ಲಿ ನಿಂಬೆಹಣ್ಣಿಟ್ಟಳು. ಓನರ್ ಅದರದೂ ಫೋಟೊ ತೆಗೆದರು.

ಮಂಡಳಿಯ ಅಧ್ಯಕ್ಷನಾಗಿ ಬ್ರೋಕರು ಅವಿರೋಧವಾಗಿ ಆಯ್ಕೆಯಾದ. ಇಸ್ತ್ರಿ ಮಾಡಿದ ಷರ್ಟು ಕೊನೆಗೂ ಹೊರಬಂತು. ಕರಿಬೇವಿನ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಪ್ರತಿ ಭಾನುವಾರ ಸಭೆ. ಮಕ್ಕಳ ಸ್ಕೂಲ್ ಷೂ ಮಿಷನ್ನಿಗೆ ಹಾಕಬಹುದೇ ಎಂಬ ಒಂದೇ ಪ್ರಶ್ನೆಗೆ ತಿಂಗಳು ಹಿಡಿಯಿತು. ಇಷ್ಟಾದರೂ ಆ ಗಂಡ ಹೆಂಡತಿ ಇನ್ನೂ ಪಾರ್ಕಿನಲ್ಲೇ ಇದ್ದರು. ನಾನು ನೆನಪಿಸಿದಾಗ ಓನರ್ ಹಣೆ ಚಚ್ಚಿಕೊಂಡರು. "ಹೌದಲ್ರೀ! ವಿಯೆನ್ನಾದಲ್ಲಿ ಜಾಗ ಇದೆ. ನಮಗೆ ಜಾಗವೇ ಇಲ್ವಲ್ಲ. ಅದಕ್ಕೆ ಟೋಕಿಯೋನೇ ಸರಿ."

ಈ ಸಲ ಹೆಂಡತಿ ಬರುವುದಿಲ್ಲ ಎಂದರು. ಒಬ್ಬರೇ ಹೋಗಿ, ಪೆಟ್ಟಿಗೆಯಂಥ ಗೂಡುಗಳಲ್ಲಿ ಮಲಗಿ ಎದ್ದು, ಉತ್ಸಾಹದಿಂದ ಬಂದರು. ಬಡಗಿಯನ್ನು ಕರೆಸಿ ಹಾಲಿನ ಗೋಡೆಗೆ ಒಂದರ ಮೇಲೊಂದು ಎರಡು ಮರದ ಗೂಡು ಹೊಡೆಸಿದರು. ಒಳಗೆ ದೀಪ, ಪುಟ್ಟ ಫ್ಯಾನು, ಮುಂದೆ ಪರದೆ. ಹುಡುಗ ಮೇಲಿನದರಲ್ಲಿ, ಹುಡುಗಿ ಕೆಳಗಿನದರಲ್ಲಿ ಎಂದು ಅವರ ಲೆಕ್ಕ.

ಭಾನುವಾರದ ಸಭೆ ಹಾಲಿನಲ್ಲೇ ಸೇರಿತು. ಆ ಜೋಡಿಯನ್ನೂ ಕರೆಸಿದ್ದೆವು. ಓನರ್ ಪ್ರಾತ್ಯಕ್ಷಿಕೆಗೆಂದು ಏಣಿ ಹತ್ತಿ ಮೇಲಿನ ಗೂಡಿನೊಳಗೆ ತೂರಿಕೊಂಡರು. "ನೋಡಿ, ಕಾಲು ಚಾಚ್ಬೋದು. ಮಗ್ಗುಲಾಗ್ಬೋದು. ಓದ್ಬೋದು..." ಎನ್ನುತ್ತಾ ಪರದೆ ಎಳೆದುಕೊಂಡರು. ನಾವು ಮುಂದಿನ ಮಾತಿಗೆ ಕಾದೆವು. ಮಾತು ಬರಲಿಲ್ಲ, ಗೊರಕೆ ಬಂತು.

ಹುಡುಗಿ ಗೂಡನ್ನೇ ನೋಡುತ್ತಾ ಮೆಲ್ಲಗೆ, "ಪಿ.ಜಿ.ಯಲ್ಲೇ ಇದಕ್ಕಿಂತ ದೊಡ್ಡ ಮಂಚ ಇದೆ ಆಂಟಿ" ಎಂದಳು.

ಓನರ್ ಹೆಂಡತಿ ಎದ್ದು ನಿಂತರು. ಅದುವರೆಗೆ ಯಾವ ಸಭೆಯಲ್ಲೂ ಅವರು ಬಾಯಿ ಬಿಟ್ಟವರಲ್ಲ. "ಅಧ್ಯಕ್ಷರೇ, ನಂದೊಂದು ಮಾತು. ಈ ಮನೇಲಿ ಎಷ್ಟು ರೂಮಿದೆ ಅಂತ ನಮ್ಮನೆಯವರಿಗೆ ಗೊತ್ತಿಲ್ಲ. ದಿನಾ ಗುಡಿಸೋಳು ನಾನು, ನಂಗೊತ್ತು. ದೇಶ ದೇಶ ಸುತ್ತಿ ಜಾಗ ಹುಡುಕ್ತಿದಾರೆ. ಪಕ್ಕದ ರೂಮಿನ ಬಾಗಿಲು ತೆಗೆದು ನೋಡ್ಲಿಲ್ಲ. ಈ ಮಕ್ಕಳಿಗೆ ಬೀದಿ ಕಡೆಯ ಎರಡು ರೂಮು ಕೊಡೋಣ. ಸೂರು ಸೋರೋ ಮನೆಯೋರು ಈ ಹಾಲಿಗೆ ಬರ್ಲಿ. ನಾವಿಬ್ರೂ ಹಿಂದಿನ ಮನೆಗೆ ಹೋಗ್ತೀವಿ. ಒಂದು ಪೊರಕೆ ಬೀಸಿದ್ರೆ ಗುಡಿಸಿದ್ದು ಮುಗಿಯುತ್ತೆ."

ಸೂರು ಸೋರುವ ಮನೆ ನಮ್ಮದೇ. ನಾನು ಗಾಬರಿಯಾಗಿ, "ಸಾರ್‌ನ ಎಬ್ಬಿಸೋಣ" ಎಂದೆ.

"ಮಲಗಿರೋರನ್ನ ಎಬ್ಬಿಸ್ಬಾರ್ದು ಕಣಣ್ಣ" ಎಂದ ಬ್ರೋಕರು. "ಒಪ್ಪೋರು ಕೈ ಎತ್ತಿ."

ಎಲ್ಲರ ಕೈಯೂ ಮೇಲೇರಿತು. ನನ್ನದನ್ನು ನನ್ನ ಹೆಂಡತಿ ಹಿಡಿದೆತ್ತಿದಳು. ಬ್ರೋಕರು ಗೂಡಿನ ಕಡೆ ಕಿವಿಗೊಟ್ಟು ಕೇಳಿ, "ಸಾ ವಿರೋಧ ಮಾಡ್ಲಿಲ್ಲ" ಎಂದು ಘೋಷಿಸಿದ.

ಕಾಫಿಯ ವಾಸನೆಗೆ ಓನರ್ ಎಚ್ಚರಗೊಂಡು ಪರದೆಯಿಂದ ತಲೆ ಹೊರಹಾಕಿದರು. ನಡೆದದ್ದರ ವರದಿಯನ್ನು ಬ್ರೋಕರು ಒಪ್ಪಿಸಿದ. ನಾನು ನೆಲ ನೋಡುತ್ತಿದ್ದೆ. ಊರು ಬಿಟ್ಟು ಹೋಗಬೇಕಾಗುತ್ತದೆ ಎಂದೇ ಎಣಿಸಿದ್ದೆ.

"ಎಲ್ಲರೂ ಓಟು ಹಾಕಿದ್ರಾ?" ಕೇಳಿದರು.

"ಹಾಕಿದ್ರು ಸಾ."

"ಇವಳೂ?"

"ಅಮ್ಮಾವ್ರೇ ಮಂಡಿಸಿದ್ದು."

ಓನರ್ ಏಣಿಗಾಗಿ ಕಾಲಲ್ಲಿ ತಡಕಾಡುತ್ತಾ, "ವಿಯೆನ್ನಾದಲ್ಲೂ ಹೀಗೇ ಆಗಿರಬೇಕು" ಎಂದರು. ಅಷ್ಟೇ.

ಮದುವೆಯಾಗಿ ಏಳೆಂಟು ತಿಂಗಳಾದ ಮೇಲೆ ಆ ಹುಡುಗಿ ಹೊಸಿಲ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಬಂದಳು. ಓನರ್ ಹೆಂಡತಿಯೇ ಆರತಿ ಎತ್ತಿದರು. ಹುಡುಗ ಉಳಿದಿದ್ದ ಕಾರ್ಡುಗಳಲ್ಲೆಲ್ಲ ಚುಕ್ಕಿಗಳ ಮೇಲೆ ವಿಳಾಸ ಬರೆದು ಹಂಚಿದ. ಹೆಚ್ಚಿನವರು ಎರಡನೆಯ ಮದುವೆ ಎಂದುಕೊಂಡು ಗಾಬರಿಯಿಂದ ಬಂದರು.

ಊರಿನ ಸಮಸ್ಯೆ ಇದರಿಂದೇನೂ ಕರಗಲಿಲ್ಲ. ಮನೆ ಕೇಳಿಕೊಂಡು ಗೇಟಿನ ಹತ್ತಿರ ನಿಲ್ಲುವವರು ಈಗಲೂ ಇದ್ದಾರೆ. ನಾವು ಹಾಲಿಗೆ ಬಂದೆವು. ಬಾಡಿಗೆ ಏರಲಿಲ್ಲ, ಆದರೆ ಮೊದಮೊದಲು ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಸೂರು ಅಷ್ಟು ಎತ್ತರದಲ್ಲಿದ್ದರೆ ಹೊರಗೆ ಮಲಗಿದ ಹಾಗೆ. ನಮ್ಮ ಹಳೆಯ ಮನೆಯ ಹಂಚು ಸರಿಪಡಿಸಿಕೊಂಡು ಓನರ್ ದಂಪತಿ ಅಲ್ಲಿ ಸುಖವಾಗಿದ್ದಾರೆ. ಮಂಚದಿಂದಲೇ ಒಲೆಯ ಮೇಲಿನ ಹಾಲು ಉಕ್ಕುವುದು ಕಾಣಿಸುತ್ತದೆಂದು ಅವರು ಬಂದವರಿಗೆಲ್ಲ ಹೇಳುತ್ತಾರೆ.

ಮೊನ್ನೆ ಸಭೆಯಲ್ಲಿ ಓನರ್ ಗಡಿಯಾರ ತೂಗುಹಾಕಲು ಗೋಡೆಗೊಂದು ಮೊಳೆ ಹೊಡೆದುಕೊಳ್ಳಲೇ ಎಂದು ಕೇಳಿದರು. ಬ್ರೋಕರು ಗದ್ದ ಕೆರೆದು, "ಗೋಡೆ ಹಾಳಾಗುತ್ತೆ ಸಾ, ಮುಂದಿನ್ ವಾರ ನೋಡನ" ಎಂದ. ಸಂಜೆ ಓನರ್ ಗಡಿಯಾರ ಬಗಲಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಸುತ್ತಿಗೆ ಇದೆಯೇನ್ರೀ?" ಪಿಸುಗುಟ್ಟಿದರು.

ಬಾಡಿಗೆದಾರರು ಸದ್ದಾಗದಂತೆ ಮೊಳೆ ಹೊಡೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಮೊಳೆಯ ತಲೆಗೆ ಬಟ್ಟೆ ಸುತ್ತಬೇಕು, ಪಕ್ಕದ ಮನೆಯ ಕುಕ್ಕರ್ ಕೂಗುವುದಕ್ಕೆ ಕಾಯಬೇಕು. ಹೋಗಿ ತೋರಿಸಿಕೊಟ್ಟೆ. ಅವರು ಗಡಿಯಾರ ಹಿಡಿದುಕೊಂಡು ಬಾಗಿಲಲ್ಲಿ ಕಾವಲು ನಿಂತಿದ್ದರು.